ಗೌಜಲಹಕ್ಕಿಗಳು ನೋಡಿದ ಬಂಡೆ

ನಮ್ಮಪ್ಪ ಹಕ್ಕಿ ಹಿಡಿಯುತ್ತಿದ್ದ. ನಾನು ಹಕ್ಕಿಯ ಫೋಟೋ ತೆಗೆಯುವವರ ಹತ್ತಿರ ಕೆಲಸಕ್ಕೆ ಸೇರಿದೆ. ಎರಡೂ ಹೆಚ್ಚುಕಡಿಮೆ ಒಂದೇ. ಪೊದೆಯ ಹಿಂದೆ ಕೆಮ್ಮದೆ ಕೂರಬೇಕು.

ಮಧುಗಿರಿ ಪೇಟೆಯಲ್ಲಿ ನಮ್ಮ ಯಜಮಾನರ ಫೋಟೋ ಅಂಗಡಿ ಇತ್ತು. ಅವರು ಜಂಗಮರು. ಊರವರೆಲ್ಲ ಅಯ್ನೋರು ಅನ್ನುತ್ತಿದ್ದರು, ನಾನೂ ಹಾಗೇ ಅನ್ನುತ್ತಿದ್ದೆ. ಮದುಮಕ್ಕಳನ್ನು, ಶ್ಯಾನುಭೋಗರನ್ನು, ಅಮಲ್ದಾರರ ಕಚೇರಿಯ ಗುಮಾಸ್ತರನ್ನು ಒಂದೇ ಕುರ್ಚಿಯ ಮೇಲೆ ಕೂರಿಸಿ ತೆಗೆದು ತೆಗೆದು ಅವರಿಗೆ ಬೇಸರ ಬಂದಿತ್ತು. ಒಂದು ದಿನ ಸಿರಾಕ್ಕೆ ಹೋದವರು ಅಲ್ಲಿ ಒಬ್ಬ ಮುದುಕ ಸಾಹೇಬರ ಹತ್ತಿರ ಉದ್ದನೆಯ ಲೆನ್ಸು ಒಂದನ್ನು ಕೊಂಡು ತಂದರು. ಹಿತ್ತಾಳೆಯದು. ನನ್ನ ಮೊಳಕೈಯಿಂದ ಬೆರಳ ತುದಿಯವರೆಗೆ ಇತ್ತು. ಕೊಡುವಾಗ ಸಾಹೇಬರು ಹೇಳಿದ ಮಾತು ಇಷ್ಟೇ.

"ದೂರದ್ದು ನಜ್ದೀಕ್ ಬರ್ತದೆ ಸ್ವಾಮಿ. ಲೇಕಿನ್ ಬಂದೂಕಿನಂಗೆ ಪಟ್ ಅಂತ ಆಗಲ್ಲ. ಹಕ್ಕಿಗೆ ಫುರ್ಸತ್ ಇರ್ಬೇಕು."

ಅದು ನಿಜವೆಂದು ಆಮೇಲೆ ಗೊತ್ತಾಯಿತು. ಆ ಲೆನ್ಸಿಗೆ ಬೆಳಕು ಸಾಲದು. ಮುಚ್ಚಳ ತೆಗೆದು ಮೂರು ಎಣಿಸಿ ಮತ್ತೆ ಮುಚ್ಚಬೇಕು. ಮೂರು ಎಣಿಸುವಷ್ಟು ಹೊತ್ತು ಯಾವ ಗೌಜಲಹಕ್ಕಿ ಸುಮ್ಮನೆ ನಿಲ್ಲುತ್ತದೆ? ಎರಡು ಬೇಸಿಗೆ ನಾವು ಗುಡ್ಡ ಅಲೆದೆವು. ಬಂದದ್ದೆಲ್ಲ ಹೊಗೆ. ಕಲ್ಲು ಚೆನ್ನಾಗಿ ಬರುತ್ತಿತ್ತು, ಗಿಡ ಚೆನ್ನಾಗಿ ಬರುತ್ತಿತ್ತು, ಹಕ್ಕಿ ಇದ್ದ ಜಾಗದಲ್ಲಿ ಮಾತ್ರ ಯಾರೋ ಬೂದಿ ಊದಿದ ಹಾಗೆ.

ಆ ಕ್ಯಾಮೆರಾದ ಒಳಗೆ ನೋಡುವುದೇ ನನಗೆ ಆಗುತ್ತಿರಲಿಲ್ಲ. ಕಪ್ಪು ಬಟ್ಟೆಯೊಳಗೆ ತಲೆ ತೂರಿಸಿದರೆ ಮಸುಕು ಗಾಜಿನ ಮೇಲೆ ಎದುರಿನದೆಲ್ಲ ತಲೆಕೆಳಗಾಗಿ ಕಾಣುತ್ತದೆ. ಮೊದಲ ಸಲ ನೋಡಿದಾಗ ಮಧುಗಿರಿ ಬೆಟ್ಟ ಮೇಲಿನಿಂದ ಜೋತುಬಿದ್ದಿತ್ತು. ಅದರ ಅಡಿಯಲ್ಲಿ ಆಕಾಶ, ತಳವಿಲ್ಲದ ಬಾವಿಯ ಹಾಗೆ. ಒಬ್ಬ ಹೆಂಗಸು ತಲೆಯ ಮೇಲೆ ಕೊಡ ಹೊತ್ತು ಕಾಲು ಮೇಲಾಗಿ ನಡೆದುಹೋದಳು. ನೀರು ಚೆಲ್ಲಲಿಲ್ಲ. ನಾನು ತಲೆ ಈಚೆಗೆ ತೆಗೆದುಬಿಟ್ಟೆ.

"ಹೆದ್ರುಕಂಡೇನ್ಲಾ?" ಅಂದರು ಅಯ್ನೋರು.

"ಹೆದ್ರಿಕೆ ಅಲ್ಲ, ತಲೆ ತಿರುಗ್ತದೆ."

"ಅಂಗಾರೆ ಪೆಟ್ಗೆ ಹೊರು. ನೋಡೋ ಕೆಲ್ಸ ನಂಗೇ ಬುಡು."

ಎರಡನೇ ಬೇಸಿಗೆಯಲ್ಲಿ ನಾನೇ ಹೇಳಿದೆ, ಅಪ್ಪನ ದೀವದ ಹಕ್ಕಿಯನ್ನು ತರೋಣ ಎಂದು. ಕಾಡಿನ ಹಕ್ಕಿಯನ್ನು ಕೂಗಿ ಕರೆಯಲು ಮನೆಯಲ್ಲಿ ಸಾಕಿದ ಹಕ್ಕಿಗೆ ನಾವು ದೀವದ ಹಕ್ಕಿ ಅನ್ನುತ್ತೇವೆ. ಅಪ್ಪನದು ಒಂದು ಗಂಡು ಗೌಜಲಹಕ್ಕಿ. ಬಿದಿರಿನ ಪಂಜರ, ಮೇಲೊಂದು ಕಾವಿ ಬಟ್ಟೆ. ಬಟ್ಟೆ ತೆಗೆದರೆ ಸಾಕು, ಎದೆ ಉಬ್ಬಿಸಿ ಕಿತ್ತರ್ ಕಿತ್ತರ್ ಎಂದು ಗುಡ್ಡ ಕಿತ್ತುಹೋಗುವ ಹಾಗೆ ಕೂಗುತ್ತಿತ್ತು. ನನ್ನ ಸೀಮೆಗೆ ಯಾವನೋ ಬಂದ ಎಂದು ಕಾಡಿನ ಗಂಡು ಓಡಿ ಬರುತ್ತಿತ್ತು, ಜಗಳಕ್ಕೆ. ಪಂಜರದ ಸುತ್ತ ಉರುಲು ಇರುತ್ತಿತ್ತು. ನಮ್ಮ ಹೊಟ್ಟೆ ತುಂಬಿದ್ದು ಆ ಹಕ್ಕಿಯ ಗಂಟಲಿನಿಂದ. ಅಪ್ಪನ ಕಾಲು ಊದಿಕೊಂಡು ಮನೆ ಹಿಡಿದ ಮೇಲೂ ಅದನ್ನು ಯಾರಿಗೂ ಕೊಟ್ಟಿರಲಿಲ್ಲ.

"ಉರುಲು ಹಾಕಲ್ವಾ?" ಅಂದ ಅಪ್ಪ.

"ಇಲ್ಲ. ಬರೀ ಫೋಟೋ."

"ಹಿಡಿಯಲ್ಲ, ತಿನ್ನಲ್ಲ. ಮತ್ತೆ ಕರೆಯಾದ್ಯಾಕ್ಲಾ ಅದ್ನ? ಕರುದ್ಬುಟ್ಟು ಸುಮ್ಕೆ ಕಳ್ಸೋದಾ?"

"ಅಯ್ನೋರ ಆಸೆ ಕಣಪ್ಪ."

ಅವನು ಪಂಜರವನ್ನು ನನ್ನ ಕಡೆಗೆ ಸರಿಸಿದ. ಕೊಡುವಾಗ ಒಂದು ಮಾತು ತೆಗೆದುಕೊಂಡ. "ಸಾವಿನ ಮನೆ ತಾವ ಇದ್ನ ಒಯ್ಯಬ್ಯಾಡ. ಅಲ್ಲಿನ ಒಂದು ಹುಲ್ಲುಕಡ್ಡಿನೂ ಇದ್ರ ಹತ್ರ ಬರಬಾರ್ದು. ಸೂತಕ ತಾಗಿದ್ರೆ ದನಿ ಹೋಯ್ತದೆ. ದನಿ ಹೋದ್ರೆ ಇದು ಬರೀ ಕೋಳಿಮರಿ."

ನಾನು ತಲೆ ಆಡಿಸಿದೆ.

ಗಾಡಿ ಕಟ್ಟಿಕೊಂಡು ಕೊರಟಗೆರೆ ಕಡೆಯ ಗುಡ್ಡಗಳಿಗೆ ಹೊರಟೆವು. ಕ್ಯಾಮೆರಾ, ಮೂರು ಕಾಲಿನ ಸ್ಟ್ಯಾಂಡು, ಲೆನ್ಸು, ಆರು ಪ್ಲೇಟು. ಪ್ಲೇಟು ಅಂದರೆ ಮದ್ದು ಬಳಿದ ಗಾಜು. ಬೆಳಕು ಕಾಣದ ಹಾಗೆ ಒಂದೊಂದೂ ಒಂದೊಂದು ತೆಳ್ಳನೆಯ ಮರದ ಗೂಡಿನಲ್ಲಿರುತ್ತದೆ. ಹೊರಗಿನಿಂದ ನೋಡಿದರೆ ಹೊಸದು ಯಾವುದು, ಫೋಟೋ ತೆಗೆದಾದದ್ದು ಯಾವುದು ಗೊತ್ತಾಗುವುದಿಲ್ಲ. ಬೇರೆ ಅಂಗಡಿಯವರು ಚೀಟಿ ಅಂಟಿಸುತ್ತಾರಂತೆ. ನಾನು ಮೂರನೇ ಕ್ಲಾಸಿಗೇ ಬಿಟ್ಟವನು, ಚೀಟಿ ಓದುವುದು ನಿಧಾನ. ಅದಕ್ಕೆ ಅಯ್ನೋರು ಒಂದು ಉಪಾಯ ಮಾಡಿದ್ದರು. ಫೋಟೋ ತೆಗೆದ ಕೂಡಲೇ ತಮ್ಮ ವಿಭೂತಿ ಗಟ್ಟಿಯ ಮೇಲೆ ಬೆರಳು ಉಜ್ಜಿ ಗೂಡಿನ ಮೇಲೆ ಒಂದು ಬರೆ ಎಳೆಯುತ್ತಿದ್ದರು. ಬರೆ ಇದ್ದರೆ ಆದದ್ದು. ಇಲ್ಲದಿದ್ದರೆ ಹೊಸದು. ಎರಡು ವರ್ಷ ಒಂದು ದಿನವೂ ತಪ್ಪಿರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಒಂದು ಹಳ್ಳಿ ಸಿಕ್ಕಿತು. ಎತ್ತಿಗೆ ನೀರು ಕುಡಿಸಲು ನಿಲ್ಲಿಸಿದೆವು. ಊರು ತಣ್ಣಗಿತ್ತು. ಒಲೆಯ ಹೊಗೆ ಇಲ್ಲ, ನಾಯಿ ಬೊಗಳಲಿಲ್ಲ. ನನ್ನ ವಯಸ್ಸಿನವನೇ ಒಬ್ಬ ಓಡಿಬಂದು ಅಯ್ನೋರ ಕಾಲು ಮುಟ್ಟಿದ. ಆ ಊರಿನ ವ್ಯಾಪಾರದ ಮನೆಯ ಮಗ. ಹಣೆಯ ತುಂಬ ವಿಭೂತಿ, ಕಣ್ಣು ಕೆಂಪು.

"ಸ್ವಾಮಿ, ನಿಮ್ತಾವ ಫೋಟೋ ಪೆಟ್ಗೆ ಐತಂತೆ. ನಮ್ಮವ್ವ ಬೆಳಿಗ್ಗೆ ಶಿವನ ಪಾದ ಸೇರ್ಬುಟ್ಲು. ಬಿಸ್ಲು, ಇವತ್ತೇ ಮಣ್ಣು ಮಾಡ್ಬೇಕು. ಒಂದೇ ಒಂದು ತೆಗ್ದುಕೊಡಿ."

"ನಾವು ಹಕ್ಕಿ ತೆಗೆಯಾಕೆ ಹೊಂಟೋರಪ್ಪ. ಪ್ಲೇಟು ಕಮ್ಮಿ ಅವೆ."

"ನಮಗಲ್ಲ ಸ್ವಾಮಿ, ನಮ್ಮಕ್ಕಂಗೆ. ಪಾವಗಡದ ಕಡೀಕೆ ಕೊಟ್ಟೀವಿ. ಹಸಿ ಬಾಣಂತಿ, ಬರಂಗಿಲ್ಲ. ಅವ್ಳು ಕಣ್ಣಾರೆ ನೋಡ್ದೆ ನಂಬೋಳಲ್ಲ. ನಮ್ಮಪ್ಪ ಹೋದಾಗ್ಲೂ ಅವ್ಳು ಬರಾಕಾಗ್ಲಿಲ್ಲ. ಮೂರು ವರ್ಸ ಸ್ವಾಮಿ, ಮೂರು ವರ್ಸ ಅಪ್ಪ ಬತ್ತಾನೆ ಅಂತ ದಿನಾ ಒಂದು ತಟ್ಟೆ ಹೆಚ್ಗೆ ಇಟ್ಕಂಡು ಕೂತಿದ್ಲು. ಈಗ ಎದೇಲಿ ಹಾಲು ಕುಡಿಯೋ ಮಗೀನ ಇಟ್ಕಂಡು ಹಂಗೆ ಕೂತ್ರೆ ಎರಡೂ ಜೀವ ಹೋಯ್ತವೆ." ಅವನು ಮೂಗು ಒರೆಸಿಕೊಂಡ. "ಚೆಂದಾಗಿ ತೆಗೀಬ್ಯಾಡಿ. ಅವ್ವ ಸತ್ತವ್ಳೆ ಅನ್ನೋದು ಕಾಣಂಗೆ ತೆಗೀರಿ. ಅಷ್ಟೇ."

ಅಯ್ನೋರು ನನ್ನ ಮುಖ ನೋಡಿದರು. ನನಗೆ ಅಪ್ಪನ ಮಾತು ನೆನಪಾಯಿತು. ಆದರೆ ಕ್ಯಾಮೆರಾ ಹೊರುವವನು ನಾನು. ಪಂಜರಕ್ಕೆ ಬಟ್ಟೆ ಬಿಗಿದು ಗಾಡಿಯಲ್ಲೇ ಬಿಟ್ಟು, ಗಾಡಿಯನ್ನು ಊರ ಹೊರಗಿನ ಹೊಂಗೆ ಮರದ ಹತ್ತಿರ ನಿಲ್ಲಿಸಲು ಹೇಳಿ ಒಳಗೆ ಹೋದೆ.

ಲಿಂಗವಂತರಲ್ಲಿ ಹೆಣ ಮಲಗಿಸುವುದಿಲ್ಲ, ಕೂರಿಸುತ್ತಾರೆ. ನಾನು ಕೇಳಿದ್ದೆ, ನೋಡಿರಲಿಲ್ಲ. ಕತ್ತಲೆಯ ಪಡಸಾಲೆಯಲ್ಲಿ ಕಂಬಕ್ಕೆ ಒರಗಿಸಿ ಮುದುಕಿಯನ್ನು ಕೂರಿಸಿದ್ದರು. ಬಿಳಿ ಸೀರೆ, ಹಣೆಗೆ ವಿಭೂತಿ, ಕತ್ತಿಗೆ ಹೂವು, ಎಡಗೈಯಲ್ಲಿ ಲಿಂಗ. ಯಾರೋ ಮಾತಾಡುತ್ತಿದ್ದಾರೆ, ತಾನು ಕೇಳಿಸಿಕೊಳ್ಳುತ್ತಿದ್ದೇನೆ ಅನ್ನುವ ಹಾಗೆ ತಲೆ ಸ್ವಲ್ಪ ಒಂದು ಕಡೆಗೆ ವಾಲಿತ್ತು. ಕಣ್ಣು ಮುಚ್ಚಿತ್ತು. ಇದನ್ನು ನಾನು ಚೆನ್ನಾಗಿ ನೋಡಿದ್ದೇನೆ. ಅಯ್ನೋರು ಕೂಡ ಹತ್ತಿರ ಹೋಗಿ ನೋಡಿದರು.

"ಕಣ್ಣು ಮುಚ್ಚವೆ, ಕೈಲಿ ಲಿಂಗ ಐತೆ. ನೋಡಿದೋರ್ಗೆ ಗೊತ್ತಾಯ್ತದೆ ಬುಡಪ್ಪ," ಅಂದರು ಮಗನಿಗೆ.

ಮಾಮೂಲಿ ಲೆನ್ಸು ಹಾಕಿ, ಕತ್ತಲೆ ಅಂತ ಹತ್ತು ಎಣಿಸಿ, ಒಂದು ಪ್ಲೇಟು ತೆಗೆದರು. ಜೀವ ಇರುವವರನ್ನು ಕೂರಿಸಿದರೆ ಹತ್ತು ಎಣಿಸುವಷ್ಟರಲ್ಲಿ ಯಾರಾದರೂ ಅಲ್ಲಾಡುತ್ತಾರೆ. ಇಲ್ಲಿ ಆ ಕಷ್ಟ ಇರಲಿಲ್ಲ. ಆಮೇಲೆ ಬರೆ ಎಳೆಯಲು ತಮ್ಮ ಗಟ್ಟಿ ಹುಡುಕಿದರು, ಗಾಡಿಯಲ್ಲಿ ಬಿಟ್ಟುಬಂದಿದ್ದರು. ಹೆಣದ ಮುಂದಿನ ತಟ್ಟೆಯಲ್ಲಿದ್ದ ವಿಭೂತಿಯಲ್ಲೇ ಬೆರಳು ಅದ್ದಿ ಗೂಡಿನ ಮೇಲೆ ಎಳೆದರು. ನಾನು ಒಂದು ಹೆಜ್ಜೆ ಹಿಂದೆ ಸರಿದೆ.

"ಯಾಕ್ಲಾ?"

"ಹೆಣದ್ದು ಅಯ್ನೋರೆ."

"ಅದು ಪ್ರಸಾದ ಕಣ್ಲಾ. ನಮಗೆ ಸೂತಕ ಗೀತಕ ಒಂದೂ ಇಲ್ಲ. ಹಿಡ್ಕೋ."

ಅವರಿಗಿಲ್ಲ. ನಮಗಿದೆ.

ಗಾಡಿಗೆ ವಾಪಸು ಬಂದಾಗ ಪಂಜರದ ಬಟ್ಟೆ ಬಿಗಿದದ್ದು ಬಿಗಿದ ಹಾಗೇ ಇತ್ತು. ಎತ್ತಿ ನೋಡಿದರೆ ಒಳಗೆ ಹಕ್ಕಿ ಊರಿನ ಕಡೆಗೆ ಮುಖ ಮಾಡಿ ಅಲ್ಲಾಡದೆ ನಿಂತಿತ್ತು. ಗೆದ್ದಲು ಹಾಕಿದೆ, ಮುಟ್ಟಲಿಲ್ಲ. ಗುಡ್ಡದ ದಾರಿಯಲ್ಲಿ ಕಾಡಿನ ಗೌಜಲಗಳು ಎರಡು ಕಡೆಯಿಂದ ಕೂಗಿದವು. ನಮ್ಮದು ಉತ್ತರ ಕೊಡಲಿಲ್ಲ. ಅದು ಕೂಗಿಗೆ ಉತ್ತರ ಕೊಡದೆ ಬಿಟ್ಟದ್ದನ್ನು ನಾನು ಹುಟ್ಟಿದಾಗಿನಿಂದ ಕಂಡಿರಲಿಲ್ಲ.

ಅಯ್ನೋರು ಮುಂದೆ ತೂಕಡಿಸುತ್ತಿದ್ದರು. ನಾನು ಹಿಂದೆ, ಮೊಣಕಾಲ ನಡುವೆ ಪಂಜರ. ಪಕ್ಕದಲ್ಲೇ ಆರು ಗೂಡು, ಮೇಲಿನದರ ಮೇಲೆ ಆ ಬಿಳಿ ಬರೆ. ಗಾಡಿ ಕುಲುಕಿದಾಗಲೆಲ್ಲ ಅದರ ಪುಡಿ ಪಂಜರದ ಬಟ್ಟೆಯ ಮೇಲೆ ಉದುರುತ್ತಿತ್ತು. ಅಪ್ಪನಿಗೆ ಏನು ಹೇಳಲಿ? ಹುಲ್ಲುಕಡ್ಡಿ ತರಬೇಡ ಅಂದಿದ್ದ, ನಾನು ಹೆಣದ ವಿಭೂತಿಯನ್ನೇ ತಂದಿದ್ದೆ. ಟವೆಲಿನ ತುದಿ ಒದ್ದೆ ಮಾಡಿ ಆ ಬರೆಯನ್ನು ಚೆನ್ನಾಗಿ ಒರೆಸಿದೆ. ಮೂರು ಸಲ ಒರೆಸಿದೆ. ಆ ಗೂಡನ್ನು ಎಲ್ಲಕ್ಕಿಂತ ಅಡಿಯಲ್ಲಿಟ್ಟು ಆರನ್ನೂ ಕಂಬಳಿಯಲ್ಲಿ ಸುತ್ತಿ ಗಂಟು ಕಟ್ಟಿದೆ. ಅಡಿಯದು ಮುದುಕಿಯದು. ನೆನಪಿಟ್ಟುಕೊಳ್ಳುವುದಕ್ಕೆ ಇದರಲ್ಲಿ ಏನು ಕಷ್ಟ?

ಆ ರಾತ್ರಿ ಗುಡ್ಡದ ಬುಡದ ಮಂಟಪದಲ್ಲಿ ಮಲಗಿ ಕೋಳಿ ಕೂಗುವ ಹೊತ್ತಿಗೆ ಎದ್ದು ಮೇಲೆ ಹತ್ತಿದೆವು. ತಂಗಡಿ, ಬಂದರಿಕೆ ಗಿಡಗಳ ನಡುವೆ ಒಂದು ಬಯಲು, ಬಯಲಿನ ಆ ಕಡೆಗೆ ಎಮ್ಮೆಯಷ್ಟು ದೊಡ್ಡ ಬಂಡೆ. ಹಿಂದಿನ ಸಂಜೆ ಬಂದ ಕೂಡಲೇ ಹತ್ತಿ ನೋಡಿಟ್ಟಿದ್ದ ಜಾಗ. ಈ ಕಡೆ ಸೊಪ್ಪಿನ ಮರೆ ಕಟ್ಟಿ ಅದರೊಳಗೆ ಕ್ಯಾಮೆರಾ ನಿಲ್ಲಿಸಿದೆವು. ಪಂಜರವನ್ನು ನಮ್ಮ ಮರೆಗೂ ಬಂಡೆಗೂ ಮಧ್ಯೆ, ಲೆನ್ಸಿಗೆ ಕಾಣದ ಹಾಗೆ ಒಂದು ಪಕ್ಕಕ್ಕೆ ಇಟ್ಟು ಬಂದೆ. ಮಸುಕು ಬೆಳಕು. ಕಂಬಳಿ ಗಂಟನ್ನು ಹೆಗಲಿನಿಂದ ಇಳಿಸಿ ಬಿಚ್ಚಿ ಮೇಲಿನ ಗೂಡು ತೆಗೆದು ಅಯ್ನೋರ ಕೈಗೆ ಕೊಟ್ಟೆ. ಬರೆ ಇದೆಯಾ ಎಂದು ಅವರು ಬೆರಳಿನಿಂದ ತಡವಿ ನೋಡಿದರು. ಇರಲಿಲ್ಲ. ಕ್ಯಾಮೆರಾಕ್ಕೆ ಹಾಕಿದರು.

ಗಂಟನ್ನು ಹೆಗಲಿನಿಂದ ಇಳಿಸುವಾಗ ಬೋರಲು ಇಳಿಸಿದ್ದೆ. ಅಡಿಯದು ಮೇಲೆ ಬಂದಿತ್ತು. ಇದು ಆಗ ನನಗೆ ಗೊತ್ತಿರಲಿಲ್ಲ.

ಪಂಜರದ ಬಟ್ಟೆಗೆ ದಾರ ಕಟ್ಟಿದ್ದೆ. ಎಳೆದೆ. ಹಕ್ಕಿ ಕತ್ತು ಎತ್ತಿತು. ಒಂದು ಸಲ ಕೂಗಿತು. ಅರ್ಧಕ್ಕೆ ನಿಲ್ಲಿಸಿತು. ನಮ್ಮ ಕಡೆಗಿದ್ದ ಮುಖವನ್ನು ತಿರುಗಿಸಿ ಬಂಡೆಯ ಕಡೆಗೆ ನಿಂತಿತು. ಆಮೇಲೆ ಇಲ್ಲ.

"ಯಾಕ್ಲಾ ಮೂಕಾಯ್ತು?" ಅಯ್ನೋರು ಪಿಸುಗುಟ್ಟಿದರು.

ಗಿಡದ ಸಂದಿನಿಂದ ಒಂದು ಗಂಡು ಗೌಜಲ ಹೊರಗೆ ಬಂತು. ಜಗಳಕ್ಕೆ ಬರುವ ಗಂಡು ಹೇಗೆ ಬರುತ್ತದೆ ಎಂದು ನನಗೆ ಗೊತ್ತು. ರೆಕ್ಕೆ ಇಳಿಬಿಟ್ಟು ಓಡಿ ಬರುತ್ತದೆ, ಪಂಜರಕ್ಕೆ ಸುತ್ತು ಹಾಕುತ್ತದೆ. ಇದು ನಡೆದು ಬಂತು. ಪಂಜರದ ಪಕ್ಕದಲ್ಲೇ ಹಾದು, ಅದರ ಕಡೆ ನೋಡದೆ, ಬಂಡೆಯ ಮುಂದೆ ಹೋಗಿ ನಿಂತಿತು. ಇನ್ನೊಂದು ಬಂತು. ಹೆಣ್ಣು ಬಂತು. ಎರಡು ಗಂಡು ಅಕ್ಕಪಕ್ಕ ನಿಂತು ಕಚ್ಚಾಡದೆ ಇದ್ದದ್ದನ್ನು ನೀವು ಯಾರಾದರೂ ಕಂಡಿದ್ದೀರಾ? ಏಳು ಹಕ್ಕಿ ಆದವು. ಏಳೂ ಬಂಡೆಯ ಮುಂದೆ ಅರ್ಧ ಸುತ್ತು ಕಟ್ಟಿ, ಎದೆ ಬಂಡೆಗೆ ಕೊಟ್ಟು ಕೂತವು. ಅಂಗಳದಲ್ಲಿ ಅಜ್ಜಿಯ ಮುಂದೆ ಮಕ್ಕಳು ಕೂರುತ್ತಾರಲ್ಲ, ಹಾಗೆ. ಕಾಳು ಕೆದಕಲಿಲ್ಲ, ಕತ್ತು ತಿರುಗಿಸಲಿಲ್ಲ. ಬಂಡೆಯ ಮುಂದೆ ಏನೂ ಇರಲಿಲ್ಲ. ಬರೀ ನೆಲ.

ಅಯ್ನೋರು ಮುಚ್ಚಳ ತೆಗೆದರು. ಒಂದು. ಎರಡು. ಮೂರು. ಒಂದು ಪುಕ್ಕ ಅಲ್ಲಾಡಲಿಲ್ಲ. ಮುಚ್ಚಿದರು. ಗೂಡು ಈಚೆಗೆ ತೆಗೆದು ಬರೆ ಎಳೆದರು, ನಗುತ್ತ. ಹಕ್ಕಿಗಳು ಹಾರಲಿಲ್ಲ. ಒಂದರ ಹಿಂದೆ ಒಂದು ಎದ್ದು ನಡೆದು ಗಿಡದೊಳಗೆ ಹೋದವು.

ಆ ದಿನ, ಮಾರನೆ ದಿನ, ಇನ್ನೂ ಮೂರು ಪ್ಲೇಟು ತೆಗೆದೆವು. ದೀವದ ಹಕ್ಕಿ ಬಾಯಿ ಬಿಡಲಿಲ್ಲ. ಬಂದ ಒಂದೋ ಎರಡೋ ಹಕ್ಕಿ ನಮ್ಮ ಸದ್ದಿಗೆ ಪರಾರಿ.

ಮಧುಗಿರಿಗೆ ಬಂದು ಅಂಗಡಿಯ ಹಿಂದಿನ ಕತ್ತಲೆ ಕೋಣೆಗೆ ಹೋದೆವು. ಹೊರಗೆ ಸುಡು ಮಧ್ಯಾಹ್ನ, ಒಳಗೆ ಕೆಂಪು ಗಾಜಿನ ದೀಪ.

"ಮೊದ್ಲು ಆ ತಾಯಿದು ಮುಗ್ಸಾನ. ಯಾವುದ್ಲಾ? ಬರೆ ಇರೋವು ನಾಕವೆ, ಇಲ್ದಿರೋವು ಎರಡವೆ. ನಾನು ಬರೆ ಎಳ್ದಿದ್ದೆನಲ್ಲ?"

"ನಾನು ಒರೆಸ್ದೆ."

"ಏನಂದೆ?"

"ಹಕ್ಕಿ ಪಕ್ಕ ಇತ್ತು, ಅದಕ್ಕೆ ಒರೆಸ್ದೆ. ಅಡೀಗಿರೋದು ಅವ್ರದ್ದು. ನಂಗೆ ಗೊತ್ತು."

ಅಯ್ನೋರು ಅಡಿಯದನ್ನು ತೆಗೆದು ಮದ್ದಿನ ನೀರಿಗೆ ಹಾಕಿ ತಟ್ಟೆ ಅಲ್ಲಾಡಿಸಿದರು. ಕಾದೆವು. ಗಾಜು ಹಾಲಿನ ಹಾಗೆ ಬೆಳ್ಳಗೇ ಇತ್ತು. ಎಷ್ಟು ಹೊತ್ತಾದರೂ ಬೆಳ್ಳಗೇ. ಇನ್ನೊಂದು ನೀರಿಗೆ ಹಾಕಿದರು. ಆ ಬಿಳುಪೂ ಕರಗಿ ಬರೀ ಗಾಜು ಉಳಿಯಿತು. ಪಡಸಾಲೆ ಇಲ್ಲ, ಕಂಬ ಇಲ್ಲ, ಮುದುಕಿ ಇಲ್ಲ. ಅವರು ಗಾಜನ್ನು ದೀಪಕ್ಕೆ ಹಿಡಿದಾಗ ಅದರ ಆ ಕಡೆಯಿಂದ ನನ್ನ ಮುಖ ಕಂಡಿತು.

ಇನ್ನೊಂದು ಬರೆ ಇಲ್ಲದ್ದೂ ಹಾಗೇ. ಬರೀ ಗಾಜು.

ನಂತರ ಬೆಳಗಿನ ಆ ಪ್ಲೇಟು ಹಾಕಿದರು. ಮೊದಲು ಬಂಡೆ ಬಂತು. ಆಮೇಲೆ ಹಕ್ಕಿ, ಒಂದೊಂದಾಗಿ, ಏಳು. ಗೆರೆ ಗೆರೆಯಾಗಿ ಪುಕ್ಕ ಎಲ್ಲ ಬಂತು. ಅಯ್ನೋರು ಉಸಿರು ಎಳೆದುಕೊಂಡರು. ಆಮೇಲೆ ಹಕ್ಕಿಗಳ ನಡುವೆ ಒಂದು ಆಕಾರ ಏಳತೊಡಗಿತು. ಗಾಜಿನಲ್ಲಿ ಕಪ್ಪು ಬಿಳುಪು ಅದಲು ಬದಲಾಗಿರುತ್ತದೆ. ಕಪ್ಪು ಸೀರೆ, ಕಪ್ಪು ಹಣೆ, ವಾಲಿದ ತಲೆ. ಬಂಡೆಗೆ ಒರಗಿ, ಏಳು ಹಕ್ಕಿಗಳ ಅರ್ಧ ಸುತ್ತಿನ ಸರಿ ಮಧ್ಯದಲ್ಲಿ ಅವಳು ಕೂತಿದ್ದಳು. ಅಳತೆ ಮಾಡಿ ಕೂರಿಸಿದ ಹಾಗೆ.

ಒಂದೇ ಗಾಜಿನ ಮೇಲೆ ಎರಡು ಸಲ ತೆಗೆದರೆ ಎರಡೂ ಬರುತ್ತವೆ. ಇದು ಮಾಟವಲ್ಲ, ಅಂಗಡಿಯವರಿಗೆಲ್ಲ ಗೊತ್ತಿರುವ ತಪ್ಪು. ಅಯ್ನೋರೂ ಹಾಗೇ ಹೇಳಿದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಮಾರನೆ ದಿನ ಕಾಗದಕ್ಕೆ ಇಳಿಸಿ ಬಿಸಿಲಿಗೆ ತಂದು ನೋಡಿದಾಗ ಮಾತ್ರ ಅವರು ಜಗಲಿಯ ಮೇಲೆ ಕೂತುಬಿಟ್ಟರು.

"ಲೇ, ಆವಮ್ಮನ ಕಣ್ಣು ಮುಚ್ಚಿದ್ವು ತಾನೆ?"

"ಮುಚ್ಚಿದ್ವು."

ಫೋಟೋದಲ್ಲಿ ತೆರೆದಿದ್ದವು. ಎರಡೂ. ಬೆಳ್ಳಗೆ, ಸಣ್ಣಗೆ, ಕೆಳಗೆ ಕೂತ ಹಕ್ಕಿಗಳನ್ನು ನೋಡುತ್ತ.

ಅಯ್ನೋರು ಫೋಟೋವನ್ನು ಬಿಸಿಲಿಗೆ ಓರೆಯಾಗಿ ಹಿಡಿದು ಹೇಳಿದರು. "ಬಂಡೆ ಮ್ಯಾಲೆ ಬಿಳೀ ಮಚ್ಚೆ ಇದ್ದಿರ್ತವೆ. ಹಕ್ಕಿ ಹಿಕ್ಕೆಯೋ, ಹಾವಸೆಯೋ. ಕಣ್ಣಿರೋ ಜಾಗಕ್ಕೆ ಸರಿಯಾಗಿ ಕೂತವೆ. ಅಷ್ಟೇ ಕಣ್ಲಾ."

"ಅಷ್ಟೇ," ಅಂದೆ.

ಹಕ್ಕಿಗಳನ್ನು ಚಾಕುವಿನ ತುದಿಯಲ್ಲಿ ಕೆರೆದು ತೆಗೆಯಬಹುದಿತ್ತು. ಕಣ್ಣು ಕೆರೆದರೆ ಮುಖ ಹೋಗುತ್ತಿತ್ತು. ಇರುವುದು ಅದೊಂದೇ ಮುಖ, ಮುದುಕಿ ಆಗಲೇ ಮಣ್ಣಿನಲ್ಲಿದ್ದಳು. ಅಯ್ನೋರು ಚಾಕು ಎತ್ತಿದರು, ಇಟ್ಟರು. ಕೊನೆಗೆ ಇದ್ದದ್ದನ್ನೇ ಕಾಗದದಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟರು.

"ಒರೆಸ್ದೋನು ನೀನು. ನೀನೇ ಒಯ್ದು ಕೊಡು. ಕೊಟ್ಟು ಬಂದ್ಬುಡು. ಬಾಯಿ ಮಾತ್ರ ಬಿಡಬ್ಯಾಡ."

ಪಾವಗಡದವರೆಗೆ ಮೋಟಾರಿನಲ್ಲಿ ಹೋಗಿ ಅಲ್ಲಿಂದ ತಿರುಮಣಿ ದಾರಿ ಹಿಡಿದು ನಡೆದೆ. ಕರೀ ಬಂಡೆ, ಸುಟ್ಟ ಬಯಲು. ಆ ದಾರಿಯಲ್ಲಿ ಉದ್ದಕ್ಕೂ ಗೌಜಲಹಕ್ಕಿ ಕೂಗುತ್ತಿದ್ದವು, ನಾನು ಹತ್ತಿರ ಬಂದ ಕೂಡಲೇ ನಿಲ್ಲಿಸುತ್ತಿದ್ದವು. ಹಕ್ಕಿ ಮನುಷ್ಯನನ್ನು ಕಂಡರೆ ನಿಲ್ಲಿಸುವುದು ಸಹಜ. ಕಂಕುಳಲ್ಲಿದ್ದ ಫೋಟೋವನ್ನು ಈ ಕಡೆಯಿಂದ ಆ ಕಡೆಗೆ ಬದಲಾಯಿಸಿಕೊಂಡೆ.

ಮುದುಕಿಯ ಮಗಳ ಮನೆಯಲ್ಲಿ ಅವಳ ಅತ್ತೆ ಬಾಗಿಲಲ್ಲಿ ಸಿಕ್ಕಳು. ವಯಸ್ಸಾದ ಹೆಂಗಸು, ಮಾತು ಅರ್ಧ ತೆಲುಗು. ಫೋಟೋ ಬರುತ್ತದೆ ಎಂದು ಸಾವಿನ ಸುದ್ದಿ ತಂದ ಆಳು ಮೊದಲೇ ಹೇಳಿದ್ದನಂತೆ.

"ಎವರಪ್ಪಾ ನುವ್ವು, ಯಾರಪ್ಪಾ? ಫೋಟೋ ತಂದಿದೀಯಾ? ರಾ ನಾಯನಾ, ರಾ." ದನಿ ತಗ್ಗಿಸಿದಳು. "ತಾಯಿ ಸತ್ಳು ಅಂತ ಆಳು ಬಂದು ಹೇಳ್ದಾಗಿಂದ ಒಂದು ಹನಿ ಕಣ್ಣೀರಿಲ್ಲ. ಸುಳ್ಳು, ನಮ್ಮವ್ವ ತೊಟ್ಲು ಶಾಸ್ತ್ರಕ್ಕೆ ಬರ್ತೀನಿ ಅಂದವ್ಳೆ, ಬರ್ತಾಳೆ ಅಂತಾಳೆ. ಊಟ ಬಿಟ್ಟವ್ಳೆ. ಪಾಲು ಲೇದು, ಎದೇಲಿ ಹಾಲೇ ಇಲ್ಲ, ಮಗು ಚೀಪಿ ಚೀಪಿ ಅಳ್ತದೆ. ಪಾಪಂ. ನೀನು ಫೋಟೋ ತೋರ್ಸಪ್ಪಾ, ಒಂದ್ಸಲ ಅತ್ತು ಬುಡಲಿ."

ಬಾಣಂತಿ ಕೋಣೆ ಬಿಸಿ ಇತ್ತು, ಹೊಗೆ ಇತ್ತು. ಮಗಳು ಗೋಡೆಗೆ ಒರಗಿ, ತಲೆ ಸ್ವಲ್ಪ ಒಂದು ಕಡೆಗೆ ವಾಲಿಸಿ ಕೂತಿದ್ದಳು. ಮುದುಕಿಯದೇ ಮುಖ, ಮೂವತ್ತು ವರ್ಷ ಹಿಂದಿನದು. ಫೋಟೋ ಕೊಟ್ಟೆ. ಅವಳು ಬಿಚ್ಚಿ ಬಾಗಿಲ ಬೆಳಕಿಗೆ ಹಿಡಿದಳು. ಬಹಳ ಹೊತ್ತು ನೋಡಿದಳು. ನಕ್ಕಳು.

"ನೋಡತ್ತೇ! ಕಣ್ಬಿಟ್ಕಂಡು ಕೂತವ್ಳೆ. ಗುಡ್ಡದ್ಮ್ಯಾಲೆ, ಹಕ್ಕಿ ಮಧ್ಯೆ. ಇವ್ಳು ಸತ್ತಿರೋಳಾ? ನಾನ್ ಹೇಳ್ಲಿಲ್ವಾ?"

ಅತ್ತೆ ಫೋಟೋ ನೋಡಿದಳು. ನನ್ನ ಕಡೆ ನೋಡಿದಳು. ಮೂಲೆಯಲ್ಲಿ ಮಗು ಅಳುತ್ತಿತ್ತು, ದನಿಯೇ ಇರಲಿಲ್ಲ, ಒಣ ಎಲೆ ಉಜ್ಜಿದ ಹಾಗೆ. ಬಾಯಿ ಬಿಡಬೇಡ ಅಂದಿದ್ದರು. ನಾನು ಬಿಟ್ಟೆ.

"ಅಕ್ಕಾ, ನಿಮ್ಮವ್ವ ಸತ್ತವ್ರೆ. ನಾನು ನೋಡಿವ್ನಿ."

"ಇದೇನು ಮತ್ತೆ?"

"ಅದು ನನ್ನ ತಪ್ಪು." ಎಲ್ಲ ಹೇಳಿದೆ. ಕಂಬಕ್ಕೆ ಒರಗಿಸಿದ್ದು, ಲಿಂಗ ಹಿಡಿಸಿದ್ದು, ವಿಭೂತಿ ಒರೆಸಿದ್ದು, ಗಂಟು ಬೋರಲಾದದ್ದು, ಒಂದೇ ಗಾಜಿನ ಮೇಲೆ ಹಕ್ಕಿ ತೆಗೆದದ್ದು. "ಕಣ್ಣು ಮುಚ್ಚಿದ್ವು ಅಕ್ಕಾ. ಅವು ಕಣ್ಣಲ್ಲ. ಬಂಡೆ ಮ್ಯಾಲಿನ ಬಿಳೀ ಮಚ್ಚೆ."

"ಮಚ್ಚೆ ನೀನು ನೋಡಿದ್ಯಾ?"

"ನೋಡಿದ್ದೆ."

ನೋಡಿರಲಿಲ್ಲ. ಅಯ್ನೋರು ಹೇಳಿದ್ದನ್ನು ಹೇಳಿದೆ.

ಅವಳು ಮತ್ತೆ ಫೋಟೋದ ಕಡೆ ತಿರುಗಿದಳು. ಬೆರಳಿಟ್ಟು ಹಕ್ಕಿಗಳನ್ನು ಒಂದೊಂದಾಗಿ ಮುಟ್ಟಿದಳು. "ಹಕ್ಕಿ ಬಂದಾಗ ನಮ್ಮವ್ವ ಅಲ್ಲಿರ್ಲಿಲ್ಲ."

"ಇರ್ಲಿಲ್ಲ."

"ಮತ್ತೆ ಏಳೂ ಏನು ನೋಡ್ತಾವೆ?"

ಏನಾದರೂ ಹೇಳಬಹುದಿತ್ತು, ಹುಳ ಅಂತಲೋ, ಕಾಳು ಅಂತಲೋ. ಒಂದು ಸುಳ್ಳು ಆಗ ತಾನೇ ಹೇಳಿ ಮುಗಿಸಿದ್ದೆ, ಇನ್ನೊಂದು ಬಾಯಿಗೆ ಬರಲಿಲ್ಲ.

"ಗೊತ್ತಿಲ್ಲ ಕಣಕ್ಕಾ. ನಂಗೂ ಹೆದ್ರಿಕೆ ಆಯ್ತು."

ಅವಳ ಬಾಯಿ ಸೊಟ್ಟಗಾಯಿತು. "ಅವು ಅವ್ವನ್ನೇ ನೋಡ್ತಾವೆ. ಹೋಗ್ಬುಟ್ಲಾ ಅಂಗಾರೆ," ಅಂದಳು, ಯಾರನ್ನೂ ಕೇಳದ ಹಾಗೆ. ಆಮೇಲೆ ಅತ್ತಳು. ಅಂಥ ಅಳುವನ್ನು ನಾನು ಕೇಳಿರಲಿಲ್ಲ, ಗೋಡೆಯ ಮೇಲಿನ ಮೊರ ಅದುರಿತು. ಅತ್ತೆ ಮಗುವನ್ನು ಎತ್ತಿ ಅವಳ ಎದೆಗೆ ಹಾಕಿ ಕಣ್ಣಿನಲ್ಲೇ ನನಗೆ ಹೋಗು ಅಂದಳು. ಹಟ್ಟಿಯ ಬಾಗಿಲು ದಾಟುವಾಗ ಹಿಂದಿನಿಂದ ತಾಯಿಯ ಅಳು ಕೇಳುತ್ತಿತ್ತು. ಮಗುವಿನದು ನಿಂತಿತ್ತು.

ಒಂದು ವಾರದ ಮೇಲೆ ಆ ಕಡೆಯ ಆಳೊಬ್ಬ ಸಂತೆಗೆ ಬಂದವನು ಹೇಳಿದ, ಬಾಣಂತಿ ಉಣ್ಣುತ್ತಿದ್ದಾಳೆ, ಮಗು ಕುಡಿಯುತ್ತಿದೆ, ಫೋಟೋವನ್ನು ತೊಟ್ಟಿಲ ಮೇಲಿನ ಗೂಡಿನಲ್ಲಿಟ್ಟು ಪೂಜೆ ಮಾಡಿದ್ದಾಳೆ ಎಂದು. ನನಗೆ ಅಷ್ಟು ಸಾಕಾಗಿತ್ತು.

ಅಯ್ನೋರಿಗೆ ಸಾಕಾಗಿರಲಿಲ್ಲ. ಎರಡು ವರ್ಷಕ್ಕೆ ಸಿಕ್ಕ ಒಂದೇ ಒಂದು ಹಕ್ಕಿಯ ಫೋಟೋ, ಅದೂ ಯಾರಿಗೂ ತೋರಿಸುವ ಹಾಗಿಲ್ಲ. ಅದೇ ಗುಡ್ಡಕ್ಕೆ ಇನ್ನೊಂದು ಸಲ ಹೋಗೋಣ ಅಂದರು. ನಾನು ಬರುವುದಿಲ್ಲ ಅಂದೆ. ದೀವದ ಹಕ್ಕಿಯನ್ನು ಅಪ್ಪ ಕೊಡಲಿಲ್ಲ. ಅದು ಈಗ ಕೂಗುತ್ತದೆ, ಆದರೆ ಒಮ್ಮೊಮ್ಮೆ ಅರ್ಧಕ್ಕೆ ನಿಲ್ಲಿಸಿ ಬರೀ ಗೋಡೆಯ ಕಡೆಗೆ ತಿರುಗಿ ಕೂರುತ್ತದೆ, ಅಪ್ಪ ಬಟ್ಟೆ ಮುಚ್ಚುತ್ತಾನೆ. ಅಯ್ನೋರು ಗಾಡಿಯವನನ್ನು ಕರೆದುಕೊಂಡು ಹೋಗಿ ಮೂರು ದಿನ ಕಾದು ಬಂದರು. ಒಂದು ಹಕ್ಕಿಯೂ ಸುಳಿಯಲಿಲ್ಲ. ಕೊನೆಗೆ ಬರಿಗೈಲಿ ಬರಬಾರದೆಂದು ಬಂಡೆಯನ್ನೇ ತೆಗೆದಿದ್ದರು, ಅದೇ ಜಾಗದಿಂದ, ಅದೇ ಹೊತ್ತಿಗೆ.

ಹಳೆಯ ಗಾಜಿನಿಂದ ಇನ್ನೊಂದು ಸಲ ಕಾಗದಕ್ಕೆ ಇಳಿಸಿ, ಎರಡು ಫೋಟೋವನ್ನೂ ಜಗಲಿಯ ಮೇಲೆ ಪಕ್ಕಪಕ್ಕ ಇಟ್ಟು ನೋಡಿದೆವು. ಬಿರುಕು ಸರಿಯಾಗಿತ್ತು. ಬುಡದ ಹುಲ್ಲು ಸರಿಯಾಗಿತ್ತು. ಕಣ್ಣು ಇದ್ದ ಜಾಗದಲ್ಲಿ ಅಯ್ನೋರು ಉಗುರಿಟ್ಟರು. ಬಂಡೆ ಅಲ್ಲಿ ಕರ್ರಗೆ, ನುಣ್ಣಗೆ ಇತ್ತು. ಒಂದು ಮಚ್ಚೆ ಇರಲಿಲ್ಲ.

"ಮಳೇಗೆ ತೊಳ್ಕಂಡೋಗಿರ್ತದೆ," ಅಂದರು.

ಆ ವರ್ಷ ಇನ್ನೂ ಮಳೆ ಬಿದ್ದಿರಲಿಲ್ಲ. ಅವರಿಗೂ ಗೊತ್ತಿತ್ತು.

ತಿರುಮಣಿ ದಾರಿಯಲ್ಲಿ ಮತ್ತೆ ಹೋಗಿ ಇದನ್ನು ಅವಳಿಗೆ ಹೇಳಬೇಕೇ ಎಂದು ಎರಡು ದಿನ ಯೋಚಿಸಿದೆ. ಹೋಗಲಿಲ್ಲ. ಹೋಗುವುದೂ ಇಲ್ಲ. ಮಗು ಕುಡಿಯುತ್ತಿದೆ.